ಮೀಸೆಮೀನಿನ ತೊಟ್ಟಿಯಲ್ಲಿ ಮರೆಯ ತಾಣಗಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಈಗ ಪಟ್ಟಣಗಳಿಗೆ ಮಾತ್ರ ಮೀಸಲಾಗಿಲ್ಲ. ಗ್ರಾಮಗಳ ಮನೆಗಳಲ್ಲಿಯೂ ಇಂತಹ ತೊಟ್ಟಿಗಳು ಕಂಡುಬರುತ್ತವೆ. ಬಣ್ಣದ ಮೀನುಗಳಲ್ಲದೆ, ನಮ್ಮ ಗದ್ದೆ ಹೊಂಡಗಳ ಚೇಳುಮೀನು, ಕರಾವಳಿಯವರು ಮುಗುಡು ಎನ್ನುವ ಮಾಗೂರು ಮುಂತಾದ ಮೀಸೆಮೀನುಗಳನ್ನು ಸಾಕುವವರೂ ಇದ್ದಾರೆ. ಆದರೆ ಇವು ಕೆಲವೇ ದಿನಗಳಲ್ಲಿ ಆಹಾರವನ್ನು ಬಿಟ್ಟು, ಮೂಲೆ ಹಿಡಿದು, ಮೈಮೇಲೆ ಗಾಯಗಳಾಗಿ ಸಾಯುವುದುಂಟು. ನೀರು ಕೆಟ್ಟರೆ ಹೀಗಾಗುವುದು ನಿಜವೇ. ನೀರು ಶುದ್ಧವಾಗಿದ್ದೂ ಹೀಗಾದರೆ, ಹಗಲಿನಲ್ಲಿ ಅಡಗಿಕೊಳ್ಳಲು ಮೀನಿಗೆ ಸ್ಥಳವಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು.

ಮೀನಿನ ಸ್ವಭಾವ.— ಈ ಎರಡು ಜಾತಿಗಳೂ ನೀರಿನ ತಳದಲ್ಲಿ ವಾಸಿಸುವಂಥವು. ಇವುಗಳ ಮೈಮೇಲೆ ಹುರುಪೆಗಳಿಲ್ಲ, ಕಣ್ಣುಗಳು ಚಿಕ್ಕವು. ಬಾಯಿಯ ಸುತ್ತಲಿನ ನಾಲ್ಕು ಜೊತೆ ಮೀಸೆಗಳಿಂದ ತಡಕಿ, ರುಚಿ ನೋಡಿ, ರಾತ್ರಿಯಲ್ಲಿ ಆಹಾರವನ್ನು ಹುಡುಕುತ್ತವೆ. ಹಗಲೆಲ್ಲ ಕೆಸರಿನಲ್ಲಿ, ಬೇರುಗಳ ನಡುವೆ, ದಡದ ಬಿಲಗಳಲ್ಲಿ ಅಡಗಿರುತ್ತವೆ. ಇಂತಹ ಪ್ರಾಣಿಯನ್ನು ನಾಲ್ಕು ಕಡೆಯಿಂದಲೂ ಬೆಳಕು ಬೀಳುವ ಬರಿದಾದ ಗಾಜಿನ ತೊಟ್ಟಿಯಲ್ಲಿ ಬಿಟ್ಟರೆ ಅದಕ್ಕೆ ನೆಮ್ಮದಿಯಿರದು. ಗಾಬರಿಗೊಂಡ ಮೀನು ಗಾಜಿಗೆ ಹಾಯ್ದು ಮೂತಿಯನ್ನು ಕೆಡಿಸಿಕೊಳ್ಳುತ್ತದೆ; ಬಲವಾದದ್ದು ದುರ್ಬಲವಾದದ್ದನ್ನು ಕಚ್ಚುತ್ತದೆ. ಅಡಗುವ ಸ್ಥಳ ಮಾಡಿಕೊಟ್ಟರೆ ಮೀನು ಕಾಣುವುದೇ ಇಲ್ಲವೆಂದು ಕೆಲವರು ಆಕ್ಷೇಪಿಸುವರು. ವಾಸ್ತವದಲ್ಲಿ, ಮರೆಯು ಹತ್ತಿರದಲ್ಲಿದೆಯೆಂದು ತಿಳಿದ ಮೀನೇ ಧೈರ್ಯದಿಂದ ಹೊರಗೆ ಬಂದು ಸಂಚರಿಸುತ್ತದೆ.

ಮರೆಗೆ ತಕ್ಕ ವಸ್ತುಗಳು.— ಇದಕ್ಕೆ ಹೆಚ್ಚು ಹಣ ಖರ್ಚು ಮಾಡಬೇಕಾಗಿಲ್ಲ. ಬಣ್ಣ ಬಳಿಯದ ಮಣ್ಣಿನ ಕುಡಿಕೆ, ನಾಡಹಂಚು, ನೀರಿನ ಪಿ.ವಿ.ಸಿ. ಕೊಳವೆಯ ತುಂಡು, ಚೆನ್ನಾಗಿ ನೆನೆಸಿ ತೊಳೆದ ತೆಂಗಿನ ಚಿಪ್ಪು, ಚಪ್ಪಟೆ ಕಲ್ಲು ಇವುಗಳೆಲ್ಲ ಉಪಯುಕ್ತವೇ. ಕೊಳವೆಯು ಮೀನಿನ ಉದ್ದಕ್ಕಿಂತ ಸ್ವಲ್ಪ ಉದ್ದವಾಗಿಯೂ, ಅದು ಸುಲಭವಾಗಿ ತಿರುಗುವಷ್ಟು ಅಗಲವಾಗಿಯೂ ಇರಲಿ. ಎರಡು ತುದಿಗಳೂ ತೆರೆದಿದ್ದರೆ ಒಂದು ಮೀನು ಇನ್ನೊಂದನ್ನು ಒಳಗೆ ಸಿಕ್ಕಿಸಿ ಪೀಡಿಸಲಾರದು. ಹುರುಪೆಯಿಲ್ಲದ ಮೈ ಬೇಗ ಗೀರುವುದರಿಂದ, ಎಲ್ಲ ಅಂಚುಗಳನ್ನೂ ಉಜ್ಜಿ ನುಣುಪು ಮಾಡತಕ್ಕದ್ದು.

ಕಲ್ಲಿನ ಮೇಲೆ ನಿಂಬೆಯ ರಸವನ್ನು ಹಿಂಡಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆಯೆಂದು ತಿಳಿಯಬೇಕು. ಅದು ನೀರನ್ನು ಗಡುಸು ಮಾಡುವುದರಿಂದ ಬೇಡ. ತಾಮ್ರದ ತಂತಿ ಮೀನಿಗೆ ವಿಷ. ತುಕ್ಕು ಹಿಡಿಯುವ ಕಬ್ಬಿಣವೂ ತಕ್ಕದ್ದಲ್ಲ.

ಇಡುವ ಕ್ರಮ.— ಮೀನುಗಳ ಸಂಖ್ಯೆಗಿಂತ ಒಂದಾದರೂ ಹೆಚ್ಚು ತಾಣಗಳನ್ನು ಒಂದಕ್ಕೊಂದು ದೂರವಾಗಿ ಇಟ್ಟರೆ ಜಗಳ ಕಡಮೆಯಾಗುವುದು. ಕಲ್ಲುಗಳನ್ನು ಮರಳಿನ ಮೇಲೆ ಇಡಬಾರದು. ಮೀನು ಮರಳನ್ನು ಕೆದಕಿದಾಗ ಕಲ್ಲು ಉರುಳಿ ಮೀನು ಜಜ್ಜಿಹೋಗುವುದು, ಗಾಜೂ ಒಡೆಯಬಹುದು. ಮೊದಲು ತೊಟ್ಟಿಯ ತಳದಲ್ಲಿ ಕಲ್ಲನ್ನು ಭದ್ರವಾಗಿ ಕೂರಿಸಿ, ಅನಂತರ ಸುತ್ತಲೂ ಮರಳನ್ನು ಹರಡತಕ್ಕದ್ದು. ಮೇಲ್ಭಾಗದಲ್ಲಿ ಸ್ವಲ್ಪ ಅಂತರಗಂಗೆಯನ್ನು ಬಿಟ್ಟರೆ ನೆರಳಾಗುವುದು. ಆದರೆ ಈ ಮೀನುಗಳು ಆಗಾಗ ಮೇಲೆ ಬಂದು ಗಾಳಿಯನ್ನು ನುಂಗಿ ಉಸಿರಾಡುವುದರಿಂದ ನೀರನ್ನು ಪೂರ್ತಿ ಮುಚ್ಚಕೂಡದು. ಮಾಗೂರು ತೊಟ್ಟಿಯಿಂದ ಹೊರಬಿದ್ದು ನೆಲದ ಮೇಲೆ ತೆವಳಿ ಹೋಗಬಲ್ಲದಾದಕಾರಣ, ಗಾಳಿಯಾಡುವ ಮುಚ್ಚಳವನ್ನು ಬಿಗಿಯಾಗಿ ಹಾಕಿ, ನೀರಿಗೂ ಮುಚ್ಚಳಕ್ಕೂ ನಡುವೆ ಕೆಲವು ಅಂಗುಲ ತೆರವು ಬಿಡಬೇಕು. ಆಹಾರವನ್ನು ಮುಸ್ಸಂಜೆಯಲ್ಲಿ ತಾಣಗಳ ಸಮೀಪದಲ್ಲಿಯೇ ಹಾಕುವುದು ಲೇಸು. ತಿನ್ನದೆ ಉಳಿದದ್ದನ್ನು ತೆಗೆದುಬಿಡಬೇಕು.

ಎಚ್ಚರಿಕೆ.— ಚೇಳುಮೀನಿನ ಪಕ್ಕದ ಈಜುರೆಕ್ಕೆಗಳಲ್ಲಿ ವಿಷದ ಮುಳ್ಳುಗಳಿವೆ. ಆದುದರಿಂದ ತಾಣದೊಳಗೆ ಬರಿಗೈ ಹಾಕಬಾರದು. ಮಕ್ಕಳಿಗೆ ಇದನ್ನು ತಪ್ಪದೆ ತಿಳಿಸಬೇಕು. ಬಲೆಯಲ್ಲಿ ಹಿಡಿದರೆ ಮುಳ್ಳು ಸಿಕ್ಕಿಕೊಳ್ಳುವುದರಿಂದ, ಮೀನು ಕೊಳವೆಯೊಳಗೆ ಇರುವಾಗ ಎರಡು ತುದಿಗಳನ್ನೂ ಮುಚ್ಚಿ ಕೊಳವೆಯನ್ನೇ ಎತ್ತುವುದು ಸುಲಭೋಪಾಯ. ಮುಳ್ಳು ಚುಚ್ಚಿದರೆ ಆ ಭಾಗವನ್ನು ತಾಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಅದ್ದಿ, ವೈದ್ಯರಲ್ಲಿಗೆ ಹೋಗತಕ್ಕದ್ದು.

ಊರ ಕೆರೆಯ ವಿಚಾರ.— ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಗಾಜಿನ ಪಾಚಿಯನ್ನು ತಿನ್ನುತ್ತದೆಂದು ಅಂಗಡಿಗಳಲ್ಲಿ ಮಾರುವ ಸಕ್ಕರ್ ಮೀನು ಕೂಡ ಒಂದು ಬಗೆಯ ಮೀಸೆಮೀನೇ. ಅದರ ಮೂಲ ದಕ್ಷಿಣ ಅಮೆರಿಕ. ಕೊಂಡಾಗ ಬೆರಳುದ್ದವಿರುವ ಇದು ಕ್ರಮೇಣ ಒಂದೂವರೆ ಅಡಿಯವರೆಗೂ ಬೆಳೆಯಬಲ್ಲದು. ಆಗ ತೊಟ್ಟಿಯಲ್ಲಿಯ ಯಾವ ತಾಣವೂ ಅದಕ್ಕೆ ಸಾಲದೆ, ಸಾಕಿದವರು ಕರುಣೆಯಿಂದಲೇ ಅದನ್ನು ಕೆರೆಗೆ ಬಿಟ್ಟುಬಿಡುವರು. ಅಲ್ಲಿ ಅದು ಮರೆಯನ್ನು ತಾನೇ ನಿರ್ಮಿಸಿಕೊಳ್ಳುತ್ತದೆ: ಗಂಡುಮೀನು ಮೊಟ್ಟೆಗಳ ರಕ್ಷಣೆಗಾಗಿ ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ಇಂತಹ ಬಿಲಗಳು ಒಂದು ಮೀಟರಿನಷ್ಟು ಆಳವಿರುವುದುಂಟು. ಬಿಲಗಳು ಹೆಚ್ಚಾದಂತೆ ದಡ ಕುಸಿಯುವುದು. ನಮ್ಮಲ್ಲಿ ದಡವೆಂದರೆ ಅನೇಕ ಕಡೆ ಕೆರೆಯ ಏರಿಯೇ. ಮೆಕ್ಸಿಕೋ ದೇಶದ ಇನ್ಫಿಯರ್ನಿಯೊ ಜಲಾಶಯದಲ್ಲಿ ಈ ಮೀನು ಹಬ್ಬಿ, ತಿಲಾಪಿಯ ಮೀನಿನಿಂದ ಜೀವಿಸುತ್ತಿದ್ದ ಬೆಸ್ತರಿಗೆ ಭಾರಿ ನಷ್ಟವುಂಟಾಯಿತು. ಭಾರತದಲ್ಲಿಯೂ ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳ ಮುಂತಾದ ಕಡೆಗಳ ಜಲಾಶ್ರಯಗಳಲ್ಲಿ ಇದು ಕಂಡುಬಂದಿದೆ.

ಆದಕಾರಣ ಮೀನನ್ನು ಕೊಳ್ಳುವುದಕ್ಕೆ ಮೊದಲೇ ಅದು ಎಷ್ಟು ಬೆಳೆಯುವುದೆಂದು ವಿಚಾರಿಸಿ, ಅಷ್ಟಕ್ಕೆ ತಕ್ಕ ತೊಟ್ಟಿಯನ್ನೂ ತಾಣವನ್ನೂ ಒದಗಿಸಲು ಸಾಧ್ಯವಾದರೆ ಮಾತ್ರ ಕೊಳ್ಳತಕ್ಕದ್ದು. ಸಾಕಲಾರದ ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು, ಅಥವಾ ಬೇರೆ ಸಾಕಣೆದಾರರಿಗೆ ಕೊಡಬಹುದು. ಕೆರೆ, ಕಾಲುವೆ, ಹೊಳೆಗಳಿಗೆ ಎಂದಿಗೂ ಬಿಡಬಾರದು. ಈ ನಿಯಮವನ್ನು ಗ್ರಾಮಸಭೆಯಲ್ಲಿ ಒಮ್ಮೆ ತಿಳಿಸಿ ಹೇಳಿದರೆ, ಮುಂದೆ ಏರಿಯನ್ನು ದುರಸ್ತಿ ಮಾಡುವ ಶ್ರಮವೂ ವೆಚ್ಚವೂ ಊರಿಗೆ ತಪ್ಪಬಹುದು.