ದನಿ ಒಬ್ಬರದು, ಮುಖ ಇನ್ನೊಬ್ಬರದು

ದ್ವೇಷ ಬಿತ್ತುವ ಗುಪ್ತ ಸಂಘಟನೆಯೊಂದರ ಒಳಗೆ ಪೊಲೀಸರು ಹೇಗೆ ಸೇರುತ್ತಾರೆ? ಸೇರಿ ಏನು ಮಾಡುತ್ತಾರೆ? ಇದನ್ನು ತಿಳಿಯಲು ಅಮೆರಿಕದ ಒಂದು ಪ್ರಕರಣವನ್ನು ನೋಡೋಣ.

1978ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ನಗರದ ಪತ್ರಿಕೆಯಲ್ಲಿ ಬಿಳಿಯರ ಉಗ್ರ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಪುಟ್ಟ ಜಾಹೀರಾತು ಬಂದಿತ್ತು. ಪತ್ತೇದಾರ ರಾನ್ ಸ್ಟಾಲ್‌ವರ್ತ್ ಅದಕ್ಕೆ ಪತ್ರ ಬರೆದರು. ಮರೆತು ತಮ್ಮ ನಿಜವಾದ ಹೆಸರನ್ನೇ ಹಾಕಿಬಿಟ್ಟರು. ಕ್ಲಾನ್‌ನವರು ಫೋನ್ ಮಾಡಿ ಭೇಟಿಗೆ ಕರೆದರು. ಆದರೆ ಸ್ಟಾಲ್‌ವರ್ತ್ ಕಪ್ಪು ವರ್ಣೀಯರು! ಹೀಗಾಗಿ ಫೋನಿನಲ್ಲಿ ಅವರೇ ಮಾತನಾಡಿದರು. ಸಭೆಗಳಿಗೆ ಅವರ ಹೆಸರಿನಲ್ಲಿ ಬಿಳಿಯ ಸಹೋದ್ಯೋಗಿಯೊಬ್ಬರು ಮೈಯಲ್ಲಿ ಮೈಕ್ ಅಡಗಿಸಿಕೊಂಡು ಹೋದರು. ಫೋನಿನಲ್ಲಿ ಮಾತನಾಡಿದ ನಾಯಕ ಡೇವಿಡ್ ಡ್ಯೂಕ್‌ಗೂ ಅನುಮಾನ ಬರಲಿಲ್ಲ. ಸದಸ್ಯತ್ವದ ಕಾರ್ಡೂ ಕೈಸೇರಿತು.

ಯಾರನ್ನೂ ಬಂಧಿಸಲಿಲ್ಲ. ಹಾಗಾದರೆ ಪ್ರಯೋಜನವೇನೆಂದು ನೀವು ಕೇಳಬಹುದು. ಶಿಲುಬೆ ಸುಟ್ಟು ಜನರನ್ನು ಬೆದರಿಸುವ ಯೋಜನೆಗಳು ಮೊದಲೇ ತಿಳಿದು, ತಪ್ಪಿಹೋದವು. ಸೇನೆಯಲ್ಲಿದ್ದ ಸದಸ್ಯರು ಪತ್ತೆಯಾದರು. ಅವರಲ್ಲಿ ಇಬ್ಬರು ವಾಯುರಕ್ಷಣಾ ಕೇಂದ್ರ ನೊರಾಡ್‌ನವರು.

ಆದರೆ ಈ ಕೆಲಸಕ್ಕೊಂದು ಗಡಿಯಿದೆ. ಅಪರಾಧದ ಯೋಚನೆಯೇ ಇಲ್ಲದವನ ತಲೆಯಲ್ಲಿ ಪೊಲೀಸರೇ ಅದನ್ನು ಬಿತ್ತಿದರೆ ಅವನನ್ನು ಶಿಕ್ಷಿಸುವಂತಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1932ರಲ್ಲೇ ಈ ವಾದವನ್ನು ಒಪ್ಪಿತ್ತು. ಮಾರುವೇಷದ ಅಧಿಕಾರಿ ಕೇಳಿಸಿಕೊಳ್ಳಬೇಕು, ಹುರಿದುಂಬಿಸಬಾರದು.

1979ರಲ್ಲಿ ಆ ಗಡಿ ಹತ್ತಿರವೇ ಬಂತು. ಸ್ಥಳೀಯ ಘಟಕದ ಮುಖಂಡನಾಗೆಂದು ಕ್ಲಾನ್ ಸ್ಟಾಲ್‌ವರ್ತ್‌ರನ್ನೇ ಕೇಳಿತು. ಸದಸ್ಯನಾದವನು ಸುಮ್ಮನೆ ಕುಳಿತು ಕೇಳಬಹುದು; ಮುಖಂಡನಾದವನು ಮುನ್ನಡೆಸಲೇಬೇಕಲ್ಲವೇ? ಪೊಲೀಸ್ ಮುಖ್ಯಸ್ಥರು ತನಿಖೆಯನ್ನು ಅಲ್ಲಿಗೇ ನಿಲ್ಲಿಸಿದರು. ಸ್ಟಾಲ್‌ವರ್ತ್ ಈ ಗುಟ್ಟನ್ನು ಹೊರಗೆ ಹೇಳಿದ್ದು 2006ರಲ್ಲಿ.