ತೆಂಗಿನ ಕಾಂಡ ರಸ ಸೋರಿದರೆ

ಕಲ್ಪತರು ನಾಡೆನಿಸಿದ ತುಮಕೂರಿನ ಮನೆಯಂಗಳವಾಗಲಿ, ಗುಬ್ಬಿ, ಕುಣಿಗಲ್ ಕಡೆಯ ಹಿತ್ತಲಾಗಲಿ, ಫಲ ಕೊಡುತ್ತಿದ್ದ ತೆಂಗಿನ ಕಾಂಡದಿಂದ ಕಂದು ರಸ ಇಳಿದರೆ ಮನೆಯವರಿಗೆ ಗಾಬರಿ. ಆದರೆ ಸೋರುವುದೇ ರೋಗವಲ್ಲ, ಅದು ರೋಗದ ಗುರುತು. ಕಾರಣ ಮುಖ್ಯವಾಗಿ ಮೂರು. ಮೂರಕ್ಕೂ ಮದ್ದು ಬೇರೆ.

ಕಾಂಡದ ಬಿರುಕಿನಿಂದ ಸೋರಿದ ರಸ ಒಣಗಿ ಕಪ್ಪಾಗಿದ್ದರೆ ಅದು ಕಾಂಡ ಸೋರುವ ರೋಗ. ಕೊಳೆತ ಭಾಗವನ್ನು ಕೆತ್ತಿ ತೆಗೆದು ಬೋರ್ಡೊ ಮುಲಾಮು ಬಳಿಯಬೇಕು.

ಬುಡದಲ್ಲೇ ರಸ ಸೋರಿ, ಹೊರಸುತ್ತಿನ ಗರಿಗಳು ಹಳದಿಯಾಗಿ ಜೋತುಬಿದ್ದು, ಬೇರು ಕೊಳೆತಿದ್ದರೆ ಅಣಬೆ ರೋಗ. ಗ್ಯಾನೋಡರ್ಮ ಎಂಬ ಶಿಲೀಂಧ್ರ ಇದಕ್ಕೆ ಮೂಲ. ಬುಡದಲ್ಲಿ ಅಣಬೆ ಮೂಡುವ ವೇಳೆಗೆ ಕಾಲ ಮಿಂಚಿರುತ್ತದೆ. ಇದು ಮಣ್ಣಿನ ಮೂಲಕ ಹಬ್ಬುವುದರಿಂದ ಸುತ್ತ ಕಾಲುವೆ ತೋಡಬೇಕು. ಈ ಮರದ ಪಾತಿಯ ನೀರು ಇನ್ನೊಂದಕ್ಕೆ ಹರಿಯಬಾರದು. ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿ ಹಾಕುವುದು ಒಳ್ಳೆಯದು.

ಕಾಂಡದಲ್ಲಿ ತೂತು, ಅಗಿದ ನಾರು ಕಂಡರೆ ಕೆಂಪು ಮೂತಿ ಹುಳು. ಕಿವಿಯಿಟ್ಟರೆ ಒಳಗೆ ಕೊರೆಯುವ ಸದ್ದು ಕೇಳುವುದೂ ಉಂಟು. ತೆಂಗಿಗಿರುವುದು ಒಂದೇ ಸುಳಿ; ಹುಳು ಅದನ್ನು ಮುಟ್ಟಿದರೆ ಮರ ಉಳಿಯದು.

ಮಾವು, ಹಲಸಿನಂತೆ ತೆಂಗಿನ ಗಾಯ ಕೂಡಿಕೊಳ್ಳುವುದಿಲ್ಲ. ಹತ್ತಲೆಂದು ಕಾಂಡಕ್ಕೆ ಕಚ್ಚು ಹಾಕುವುದು, ಬಟ್ಟೆ ಹಗ್ಗಕ್ಕೆ ಮೊಳೆ ಹೊಡೆಯುವುದು ಹುಳುವಿಗೆ ಬಾಗಿಲು ತೆರೆದಂತೆ. ಅನುಮಾನವಿದ್ದರೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಆಮೇಲೆ ಮದ್ದು ಕೊಳ್ಳುವುದು ಲೇಸು.