ಪ್ಲಾಸ್ಟರ್‌ಗೆ ಮುಂಚೆ ಅರ್ಥಿಂಗ್ ನೋಡಿ

ಬ್ಯಾಕೋಡು ಕಡೆ ಹೊಸ ಮನೆ ಕಟ್ಟೋರು ಈಗ ಬಚ್ಚಲಿಗೆ ಹಂಡೆ ಒಲೆ ಜೊತೆ ಗೀಸರನ್ನೂ ಹಾಕಿಸ್ತಾರೆ. ಒಳ್ಳೇದೇ, ಮಳೆಗಾಲದಲ್ಲಿ ಒಣ ಸೌದೆ ಎಲ್ಲಿದೆ? ಆದರೆ ಗೀಸರ್ ಒಳಗೆ ಲೀಕೇಜ್ ಆದರೆ ಕರೆಂಟ್ ನೆಲಕ್ಕಿಳಿಯೋಕೆ ದಾರಿ ಬೇಕು. ಅರ್ಥ್ ವೈರನ್ನು ಪ್ಲಾಸ್ಟರ್‌ಗೆ ಮುಂಚೆಯೇ ಎಳೆಸಿ.

ಜಂಬಿಟ್ಟಿಗೆ ನೆಲ ಏಪ್ರಿಲ್‌ನಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತೆ. ಗುಂಡಿಯನ್ನು ಬಚ್ಚಲ ನೀರು ಹೋಗುವ ಬಾಳೆ ಬುಡದ ಹತ್ತಿರ ತೆಗೆಸಿ, ಅಳತೆ ಬೇಸಿಗೆಯಲ್ಲೇ ಮಾಡಿಸಿ. ನೀರಿನ ಪೈಪಿಗೆ ಅರ್ಥ್ ಕಟ್ಟಲೇಬೇಡಿ. ಪಿವಿಸಿಯಲ್ಲಿ ಕರೆಂಟ್ ಹರಿಯಲ್ಲ.

ಬೋರ್ಡಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಎಂಸಿಬಿ ಕಾಯೋದು ವೈರನ್ನು, ಇದು ಕಾಯೋದು ಮನುಷ್ಯರನ್ನು. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ. ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಬಿಸಿನೀರಿನ ಲೈನಿಗೆ ಸಿಪಿವಿಸಿ ಪೈಪನ್ನೇ ಕೇಳಿ, ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತೆ.